ರೊದ್ದಂ ಹಳ್ಳದ ಹತ್ತಿರ ಆರುವ ದೀಪ

ಕಲ್ಯಾಣದುರ್ಗದಿಂದ ಹಿಂದೂಪುರಕ್ಕೆ ಬರುವಾಗ, ರೊದ್ದಂ ಇನ್ನೂ ಎರಡು ಮೈಲಿ ಇರುವಂತೆ, ಒಂದು ಹಳ್ಳದ ಮೋರಿ ಸಿಗುತ್ತದೆ. ಮೋರಿ ದಾಟಿದ ಕಾರು ದೊಡ್ಡ ಗುಂಡಿಗೆ ಇಳಿದು ಎದ್ದಿತು. ಎದ್ದಿತೋ ಇಲ್ಲವೋ, ಮುಂದಿನ ದೀಪ ಎರಡೂ ಒಟ್ಟಿಗೆ ಆರಿದವು. ಹಿಂದಿನ ಸೀಟಿನಲ್ಲಿ ಕೂತಿದ್ದ ಹುಣಸೆಹಣ್ಣಿನ ವ್ಯಾಪಾರಿ ಮರುಳಪ್ಪ ರಸ್ತೆ ನೋಡಲಿಲ್ಲ. ಡ್ರೈವರ್ ಕೊಂಡಪ್ಪನ ಕೈ ನೋಡಿದ.

ಎರಡು ಕೈಯೂ ಸ್ಟೇರಿಂಗ್ ಮೇಲೇ ಇದ್ದವು. ಅದರಿಂದ ಮರುಳಪ್ಪನ ಅನುಮಾನ ಇನ್ನಷ್ಟು ಬಲವಾಯಿತು. ಏನೂ ಮಾಡದವನು ಕೈಯನ್ನು ಅಷ್ಟು ಕಾಣುವ ಹಾಗೆ ಯಾಕೆ ಇಟ್ಟುಕೊಳ್ಳಬೇಕು?

"ಮತ್ತೆ ಹೋಯ್ತಾ?" ಎಂದ ಮರುಳಪ್ಪ.

"ಹೋಯ್ತು ಸಾವ್ಕಾರ್ರೇ. ಫ್ಯೂಸು."

"ಇಲ್ಲೇ ಹೋಯ್ತಾ?"

"ಇಲ್ಲೇ."

ಕೊಂಡಪ್ಪ ಕಾರನ್ನು ಪಕ್ಕಕ್ಕೆ ನಿಲ್ಲಿಸಿ, ಅಂಗಿಯ ಜೇಬಿನಿಂದ ಒಂದು ಗಾಜಿನ ಫ್ಯೂಸು ತೆಗೆದ. ಬೀಡಿಕಟ್ಟು ಇಟ್ಟುಕೊಂಡ ಹಾಗೆ ಜೇಬಿನಲ್ಲಿ ನಾಲ್ಕೈದು ಫ್ಯೂಸು ಇಟ್ಟುಕೊಂಡಿದ್ದ. ದೀಪ ಆರುವುದು ಮೊದಲೇ ಗೊತ್ತಿಲ್ಲದವನು ಫ್ಯೂಸನ್ನು ಜೇಬಿನಲ್ಲಿ ಇಟ್ಟುಕೊಂಡು ಯಾಕೆ ತಿರುಗುತ್ತಾನೆ? ಕೊಂಡಪ್ಪ ಬಾನೆಟ್ಟು ಎತ್ತಿದ, ಎರಡು ನಿಮಿಷಕ್ಕೆಲ್ಲ ದೀಪ ಹತ್ತಿತು. ಆರಿಸಲು ಬಲ್ಲವನಿಗೆ ಹಚ್ಚುವುದು ಯಾವ ಲೆಕ್ಕ, ಅಂದುಕೊಂಡ ಮರುಳಪ್ಪ.

ಇದು ಎಂಬತ್ತನಾಲ್ಕನೇ ಇಸವಿಯ ಮಾತು. ಯುಗಾದಿ ಮುಗಿದು ಎರಡು ದಿನವಾಗಿತ್ತು. ಹುಣಸೆಹಣ್ಣಿನ ಸುಗ್ಗಿ. ಮರುಳಪ್ಪನ ಕರೀ ಅಂಬಾಸಿಡರ್ ವಾರಕ್ಕೆ ಎರಡು ಸಲ ಹಿಂದೂಪುರದಿಂದ ಕಲ್ಯಾಣದುರ್ಗಕ್ಕೆ ಹೋಗಿ ಬರುತ್ತಿತ್ತು. ಅಲ್ಲಿ ಅವನ ಅಕ್ಕ ಹಂಪಮ್ಮನ ಗಂಡ ತಿಪ್ಪೇರುದ್ರಪ್ಪನ ಮಂಡಿ. ಕೆಲವು ಗುರುವಾರ ಮರುಳಪ್ಪ ಅಕ್ಕನ ಮನೆಯಲ್ಲೇ ಉಳಿದು, ಹಣ್ಣಿನ ಮಾದರಿ ಚೀಲವನ್ನು ಕಾರಿನಲ್ಲಿ ಹಿಂದೂಪುರಕ್ಕೆ ಕಳಿಸಿಬಿಡುತ್ತಿದ್ದ. ಕೊಂಡಪ್ಪ ಒಬ್ಬನೇ ಹೋಗಿ ಮಾರನೇ ದಿನ ಬರುತ್ತಿದ್ದ. ಹನ್ನೊಂದು ವರ್ಷ ಹೀಗೇ ನಡೆದಿತ್ತು. ಅವನ ಮೇಲೆ ಒಂದು ಮಾತೂ ಬಂದಿರಲಿಲ್ಲ.

ಮಾತು ಬಂದದ್ದು ಸಂಕ್ರಾಂತಿ ಆದಮೇಲೆ. ಭಾವ ತಿಪ್ಪೇರುದ್ರಪ್ಪ ಎಲೆಅಡಿಕೆ ಹಾಕಿಕೊಳ್ಳುತ್ತಾ ಹೇಳಿದ್ದ: "ಮರುಳಪ್ಪಾ, ನಿನ್ನ ಕಾರು ಖಾಲಿ ಹೋಗೋ ದಿನ ರೊದ್ದಂನಾಗೆ ಯಾವುದೋ ಮನೆ ಮುಂದೆ ಅರ್ಧ ಗಂಟೆ ನಿಂತಿರ್ತದಂತೆ. ನಂಗ್ಯಾಕೆ ಊರ ಉಸಾಬರಿ. ಕಂಡೋರು ಹೇಳಿದ್ರು, ನಾನು ನಿಂಗೆ ಹೇಳ್ದೆ."

ಅಷ್ಟೇ. ಅಷ್ಟು ಸಾಕಾಯಿತು. ಹಾಲಿಗೆ ಹೆಪ್ಪು ಎಷ್ಟು ಬೇಕು? ಅಂದಿನಿಂದ ಮರುಳಪ್ಪ ಡಿಕ್ಕಿಯ ಬಾಗಿಲಿಗೆ ಸೀಮೆಸುಣ್ಣದ ಗೀರು ಎಳೆದ. ಚೀಲದ ಬಾಯಿಯ ಗಂಟನ್ನು ತಾನೇ ಹಾಕಿದ. ಸೀಟನ್ನು ಮೂಸಿ ನೋಡಿದ. ಒಂದು ಸಲ ಈರುಳ್ಳಿ ವಾಸನೆ ಬಂತು. ಯಾರನ್ನೋ ಹತ್ತಿಸಿಕೊಂಡಿದ್ದಾನೆ ಅಂದುಕೊಂಡ. ಗೀರು ಅಳಿಸಿರಲಿಲ್ಲ, ಗಂಟು ಬಿಚ್ಚಿರಲಿಲ್ಲ. ಆದರೂ ಸಮಾಧಾನವಾಗಲಿಲ್ಲ. ಕೊಂಡಪ್ಪ ಬಲು ಜಾಣ ಅನ್ನಿಸಿತು.

ಕೇಳಿಬಿಡಬಹುದಿತ್ತು. ಕೇಳಿದರೆ ಎಚ್ಚರವಾಗುತ್ತಾನೆ ಅಂತ ಕೇಳಲಿಲ್ಲ. ಅದರ ಬದಲು ಒಂದು ಮಧ್ಯಾಹ್ನ ಯಾರಿಗೂ ಹೇಳದೆ ಬಸ್ಸು ಹತ್ತಿ ಲೇಪಾಕ್ಷಿ ಕಡೆಯ ಒಂದು ಹಳ್ಳಿಗೆ ಹೋದ. ಅಲ್ಲಿ ನಿಂಬೆಹಣ್ಣು ಮಂತ್ರಿಸಿ ಕೊಡುವವನೊಬ್ಬನಿದ್ದ. ಅವನು ಕಣ್ಣು ಮುಚ್ಚಿಕೊಂಡೇ ತೆಲುಗಿನಲ್ಲಿ, "ಇಂಟಿ ಮನಿಷೇ," ಅಂದ. ಮನೆಯ ಮನುಷ್ಯನೇ. ಕೊಂಡಪ್ಪನೇ, ಅಂದುಕೊಂಡ ಮರುಳಪ್ಪ. ಹಣ್ಣನ್ನು ಕರೀ ಬಟ್ಟೆಯಲ್ಲಿ ಸುತ್ತಬೇಕು, ತಾಮ್ರದ ತಂತಿಯಲ್ಲೇ ಕಟ್ಟಬೇಕು, ನೂಲು ಕೂಡದು. ಗಾಡಿಯ ಮುಂದುಗಡೆ, ಯಾರ ಕಣ್ಣಿಗೂ ಬೀಳದ ಕಡೆ ಕಟ್ಟಬೇಕು. ಅಮಾವಾಸ್ಯೆಗೆ ಅಮಾವಾಸ್ಯೆಗೆ ಹೊಸ ಹಣ್ಣು. ಮೂರು ಅಮಾವಾಸ್ಯೆಯೊಳಗೆ ಹುಳುಕು ತಾನಾಗಿ ಬಯಲಾಗುತ್ತದೆ ಅಂತ ಹೇಳಿ ಕಳಿಸಿದ.

ಕೊರಳಲ್ಲಿ ಲಿಂಗ ಕಟ್ಟಿಕೊಂಡವನು ನಿಂಬೆಹಣ್ಣಿಗೆ ಕೈ ಒಡ್ಡಿದ ಅಂತ ಮಠದವರ ಕಿವಿಗೆ ಬಿದ್ದರೆ ತಲೆ ಎತ್ತುವ ಹಾಗಿಲ್ಲ. ಅದಕ್ಕೇ ಮರುಳಪ್ಪ ಹೆಂಡತಿಗೂ ಹೇಳಲಿಲ್ಲ. ತಾನೇ ಬಾನೆಟ್ಟು ಎತ್ತಿ, ಎಡಗಡೆ ದೀಪದ ಮಗ್ಗುಲಲ್ಲಿ, ಮುಂದಿನ ಜಾಲರಿಯ ಒಳಗೆ, ಹಾರನ್ನಿನ ಹಿಂದೆ ಕಟ್ಟಿದ. ಕೊಂಡಪ್ಪನೂ ಎಲ್ಲ ಡ್ರೈವರುಗಳ ಹಾಗೆ ಅಮಾವಾಸ್ಯೆಗೆ ಬಂಪರಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟುತ್ತಿದ್ದ. ಅದು ಹೊರಗೆ, ಕರೀ ನೂಲಿನಲ್ಲಿ, ಊರಿಗೆಲ್ಲ ಕಾಣುವಂತೆ. ಇದು ಒಳಗೆ.

ಅದಾದ ಎರಡನೇ ದಿನ ಹಳ್ಳದ ಹತ್ತಿರ ದೀಪ ಆರಿತು. ಹಣ್ಣು ಕೆಲಸ ಮಾಡುತ್ತಿದೆ, ಹುಳುಕು ಹೊರಗೆ ಬರುತ್ತಿದೆ ಅಂದುಕೊಂಡ ಮರುಳಪ್ಪ. ರೊದ್ದಂ ಹತ್ತಿರ ಕಾರು ನಿಲ್ಲಿಸಲು ಇವನಿಗೊಂದು ನೆಪ ಬೇಕು, ಅದಕ್ಕೆ ದೀಪ ಆರಿಸುತ್ತಾನೆ. ಶಿವರಾತ್ರಿ ಅಮಾವಾಸ್ಯೆ ಆದಮೇಲೂ ಹಾಗೇ ಆಯಿತು. ಈಗ ಯುಗಾದಿ ಅಮಾವಾಸ್ಯೆ ಆದಮೇಲೂ.

ಕಾರು ಮತ್ತೆ ಹೊರಟಾಗ ಮರುಳಪ್ಪ ಹೊರಗೆ ನೋಡುತ್ತಾ ಹೇಳಿದ: "ನಮ್ಮ ಭಾವ ಒಂದು ಮಾತು ಅಂದವ್ರೆ ಕೊಂಡಪ್ಪ. ಮೂರನೇ ಸಲ ಆದ್ರೆ, ವೀರಭದ್ರನ ಗುಡೀಲಿ ನೀನು ಕರ್ಪೂರ ಆರಿಸ್ಬೇಕಂತೆ. ಬರೋ ಭಾನುವಾರ."

ಕರ್ಪೂರ ಆರಿಸುವುದೆಂದರೆ ಹೊತ್ತಿಸಿದ ಕರ್ಪೂರವನ್ನು ಅಂಗೈಯಲ್ಲಿ ಒತ್ತಿ, ನಾನು ತಪ್ಪು ಮಾಡಿಲ್ಲ ಅಂತ ಆಣೆ ಹಾಕುವುದು.

ಕೊಂಡಪ್ಪ ಗೇರು ಬದಲಾಯಿಸಿದ. ಆಮೇಲೆ, "ಏನು ತಪ್ಪು ಮಾಡಿಲ್ಲ ಅಂತ ಆರಿಸ್ಲಿ ಸಾವ್ಕಾರ್ರೇ?" ಅಂದ.

"ಅದು ನಿಂಗೇ ಗೊತ್ತು."

"ಗೊತ್ತಿದ್ರೆ ಕೇಳ್ತಿದ್ನಾ? ಆಗ್ಲಿ, ಆರಿಸ್ತೀನಿ. ಕೈ ಸುಟ್ರೆ ವಾಸಿ ಆಯ್ತದೆ. ಆಣೆ ಹಾಕ್ಸಿಕೊಂಡ ಡ್ರೈವರು ಅಂದ್ರೆ ಆಮ್ಯಾಕೆ ಯಾವನು ಕೀ ಕೊಡ್ತಾನೆ? ಅಲ್ಲೇ ಗುಡಿ ಮುಂದೆ ನಿಮ್ಮ ಕೀ ನಿಮಗೆ ಕೊಟ್ಟು ಬಸ್ಸಿಗೆ ಹೋಯ್ತೀನಿ."

ನಿಜ ಇದ್ದವನಿಗೆ ಕೋಪ ಬರಬೇಕಿತ್ತು, ಇವನಿಗೆ ಬರಲಿಲ್ಲ ಅಂತ ಮರುಳಪ್ಪ ಅದನ್ನೂ ಗಂಟಿಗೆ ಕಟ್ಟಿಕೊಂಡ.

ಮಾರನೇ ದಿನ ಶುಕ್ರವಾರ ವ್ಯಾಪಾರದ ಗಲಾಟೆಯಲ್ಲಿ ಕಳೆಯಿತು. ಶನಿವಾರ ಹೊತ್ತು ನೆತ್ತಿಗೆ ಬರುವ ಹೊತ್ತಿಗೆ ಮರುಳಪ್ಪ ಗೋದಾಮಿನ ಬಾಗಿಲಲ್ಲಿ ತೂಕದ ಹತ್ತಿರ ಕೂತಿದ್ದ. ಎದುರಿಗೆ ಮುನೆಪ್ಪ ಬರುವುದು ಕಂಡಿತು. ಹೆಗಲಲ್ಲಿ ಟೂಲಿನ ಚೀಲ, ಹಿಂದೆ ಕೊಂಡಪ್ಪ. ಮುನೆಪ್ಪ ಪೆನುಕೊಂಡ ರಸ್ತೆಯ ಬೇವಿನ ಮರದ ಕೆಳಗೆ ಅಂಗಡಿ ಇಟ್ಟುಕೊಂಡಿದ್ದ ಆಟೋ ಎಲೆಕ್ಟ್ರಿಷಿಯನ್. ಲಾರಿ ಶೆಡ್ಡಿನಲ್ಲಿ ಕಲಿತವನು. ಕಾರಿನ ಹೆಡ್‌ಲೈಟ್ ಲೈನಿಗೆ ಫ್ಯೂಸು ಕೂಡಿಸಿಕೊಟ್ಟವನೂ ಅವನೇ. ಎರಡು ಸಲವೂ ಕಾರನ್ನು ಅವನ ಹತ್ತಿರ ಕಳಿಸಲಾಗಿತ್ತು. ಎರಡು ಸಲವೂ, "ಏನೂ ಇಲ್ಲ ಸಾವ್ಕಾರ್ರೇ, ಎಲ್ಲ ಸರಿಯಾಗೈತೆ," ಅಂದಿದ್ದ. ಅವನೂ ಕೊಂಡಪ್ಪನೂ ಒಂದೇ ಟೀಯನ್ನು ಎರಡು ಲೋಟ ಮಾಡಿಕೊಂಡು ಕುಡಿಯುವುದನ್ನು ಮರುಳಪ್ಪ ತನ್ನ ಕಣ್ಣಾರೆ ಕಂಡಿದ್ದ. ಅಲ್ಲಿಗೆ ಅವನ ಹೆಸರೂ ಪಟ್ಟಿಗೆ ಸೇರಿತ್ತು.

"ಯಾರು ಕರೆಸಿದ್ರು?" ಎಂದ ಮರುಳಪ್ಪ.

"ಯಾರೂ ಕರೆಸ್ಲಿಲ್ಲ. ಕೊಂಡಣ್ಣ ನಾಳೆ ಕರ್ಪೂರ ಆರಿಸ್ತಾನಂತೆ. ಆತ ಆರಿಸಿದ್ರೆ ನಾಡಿದ್ದು ನಾನೂ ಆರಿಸ್ಬೇಕಾಯ್ತದೆ. ಮುನೆಪ್ಪಂಗೆ ಒಂದು ಫ್ಯೂಸಿನ ರಿಪೇರಿ ಬರಲ್ಲ ಅಂತ ಬಸ್‌ಸ್ಟ್ಯಾಂಡಿನಾಗೆ ಆಗ್ಲೇ ನಗ್ತಾವ್ರೆ."

"ಸರಿ, ಸಂಜೆ ಕಾರು ಕಳಿಸ್ತೀನಿ."

"ಬ್ಯಾಡ ಸಾವ್ಕಾರ್ರೇ. ನೀವು ಕಳಿಸೋ ಹೊತ್ಗೆ ಅದು ಮದುವಣಿಗನಂಗೆ ಶುದ್ಧ ಆಗಿ ಬತ್ತದೆ, ಒಂದು ರೋಗ ತೋರ್ಸಲ್ಲ. ಈಗ ಹೆಂಗೈತೋ ಹಂಗೇ ನೋಡ್ತೀನಿ."

ಪ್ರತಿ ಸಲ ಕಾರನ್ನು ಅಂಗಡಿಗೆ ಕಳಿಸುವ ಮೊದಲು ಮರುಳಪ್ಪ ಒಳಗಿನ ಹಣ್ಣನ್ನು ಬಿಚ್ಚಿ ಇಟ್ಟುಕೊಳ್ಳುತ್ತಿದ್ದ. ಕಾರು ಬಂದ ಮೇಲೆ ಮತ್ತೆ ಕಟ್ಟುತ್ತಿದ್ದ. ಪರರ ಕಣ್ಣಿಗೆ ಬಿದ್ದರೆ ಮಂತ್ರ ಕೆಡುತ್ತದೆ, ಮಾನವೂ ಹೋಗುತ್ತದೆ. ಇವತ್ತು ಬಿಚ್ಚಿರಲಿಲ್ಲ.

"ಬಿಸಿಲು ಜಾಸ್ತಿ ಐತಲ್ಲಪ್ಪ," ಅಂದ.

"ಅದಕ್ಕೇ ಗೋದಾಮಿನ ಒಳಗೆ ತಗೊಂಡೋಗಾಣ. ಕತ್ತಲಲ್ಲಿ ಕಿಡಿ ಚೆನ್ನಾಗಿ ಕಾಣ್ತದೆ."

ಬೇಡ ಅಂದರೆ ಯಾಕೆ ಅಂತ ಕೇಳುತ್ತಾರೆ. ಮರುಳಪ್ಪ ಎದ್ದು ಬಾಗಿಲು ಬಿಟ್ಟ. ಕೊಂಡಪ್ಪ ಕಾರನ್ನು ಹುಣಸೆಹಣ್ಣಿನ ಚೀಲಗಳ ನಡುವೆ ನಿಲ್ಲಿಸಿದ. ಕೂಲಿಯವರನ್ನು ಹೊರಗೆ ಕಳಿಸಿ ಬಾಗಿಲು ಹಾಕಿದರು. ತಗಡಿನ ತೂತುಗಳಿಂದ ನಾಲ್ಕು ಕಡ್ಡಿ ಬಿಸಿಲು ಬಿಟ್ಟರೆ ಒಳಗೆಲ್ಲ ಕತ್ತಲು, ಹುಳಿ ವಾಸನೆ.

ಮುನೆಪ್ಪ ಮುಂದಿನ ಎರಡೂ ದೀಪದ ಗಾಜು ಬಿಚ್ಚಿ ಬಲ್ಬು ಹೊರಗೆ ತೆಗೆದ. ಫ್ಯೂಸನ್ನೂ ತೆಗೆದು, ಆ ಜಾಗಕ್ಕೆ ಎರಡು ವಯರಿನ ತುದಿಗೆ ಕಟ್ಟಿದ ಒಂದು ಸಣ್ಣ ಬಲ್ಬು ಸಿಕ್ಕಿಸಿದ. ಕೆಲಸ ಮಾಡುತ್ತಾ ಮಾತಾಡುವುದು ಅವನ ಅಭ್ಯಾಸ.

"ಎಲ್ಲಾರೂ ಫ್ಯೂಸಿನ ಮೇಲೆ ಸಿಟ್ಟು ಮಾಡ್ತಾರೆ ಸಾವ್ಕಾರ್ರೇ. ಫ್ಯೂಸು ಕಳ್ಳ ಅಲ್ಲ, ಕಾವಲುಗಾರ. ಕಳ್ಳ ಬಂದಾಗ ಅದು ತಾನು ಸತ್ತು ಮನೆ ಉಳಿಸ್ತದೆ. ನಾವು ಸತ್ತ ಕಾವಲುಗಾರನ್ನ ಎತ್ತಿ ಬಿಸಾಕಿ ಹೊಸಬನ್ನ ನಿಲ್ಲಿಸ್ತೀವಿ. ಕೊಂದೋನು ಯಾರು ಅಂತ ಕೇಳಲ್ಲ."

"ಈ ಬಲ್ಬು ಯಾತಕ್ಕೆ?"

"ಇದು ಸಾಯದ ಕಾವಲುಗಾರ. ನೋಡಿ, ದೀಪ ಎರಡೂ ಬಿಚ್ಚಿವ್ನಿ. ಸ್ವಿಚ್ಚು ಹಾಕಿದ್ರೂ ಕರೆಂಟು ಹೋಗಾಕೆ ದಾರಿ ಇಲ್ಲ. ಹಂಗಾಗಿ ಈ ಬಲ್ಬು ಹತ್ತಬಾರ್ದು. ಹತ್ತಿದ್ರೆ ಕರೆಂಟು ಎಲ್ಲೋ ಕಳ್ಳದಾರಿ ಹಿಡಿದು ಕಾರಿನ ಬಾಡಿ ತಗಡಿಗೆ ಇಳೀತೈತೆ ಅಂತ ಅರ್ಥ. ಕೊಂಡಣ್ಣಾ, ಸ್ವಿಚ್ ವೆಯ್ಯಿ."

ಕೊಂಡಪ್ಪ ಸ್ವಿಚ್ಚು ಹಾಕಿದ. ಬಲ್ಬು ಹತ್ತಲಿಲ್ಲ.

ಮುನೆಪ್ಪ ಡ್ಯಾಷ್‌ಬೋರ್ಡಿನ ಕೆಳಗೆ ಕೈ ಹಾಕಿ ವಯರು ಅಲ್ಲಾಡಿಸಿದ. ಹತ್ತಲಿಲ್ಲ. ಇಂಜಿನ್ನಿನ ಪಕ್ಕದಲ್ಲಿ ಹಾದುಹೋದ ವಯರಿನ ಕಟ್ಟನ್ನು ಗೇಣು ಗೇಣಿಗೂ ಹಿಡಿದು ಜಗ್ಗಿದ. ಇಲ್ಲ. ಅವನ ಕೈ ರೇಡಿಯೇಟರ್ ಕಡೆ ಬರುತ್ತಿದ್ದ ಹಾಗೆ ಮರುಳಪ್ಪ ಎಡಗಡೆ ದೀಪದ ಕಡೆಗೆ ಎರಡು ಹೆಜ್ಜೆ ಸರಿದ. ಕತ್ತಲಲ್ಲಿ ಒಂದು ಸಲ ಕೈ ತೂರಿಸಿ ಎಳೆದುಬಿಟ್ಟರೆ ಮುಗಿಯಿತು.

"ಅಲ್ಲಿಗೆ ಬರಬ್ಯಾಡಿ ಸಾವ್ಕಾರ್ರೇ, ಪಂಚೆಗೆ ಗ್ರೀಸು ಹತ್ತೀತು," ಅಂದ ಮುನೆಪ್ಪ. "ಕೊಂಡಣ್ಣಾ, ಹಳ್ಳದ ಗುಂಡಿ ಹೆಂಗೆ ಎತ್ತಾಕ್ತದೋ ಹಂಗೆ ಬಂಪರ್ ಹಿಡಿದು ಕುಲುಕು. ಗಟ್ಟಿಯಾಗಿ. ನಿನ್ನ ಸಾವ್ಕಾರ್ರೇ ಎದುರಿಗಿದಾರೆ ಅಂತ ಮರ್ಯಾದೆ ಮಾಡಬ್ಯಾಡ."

ಕೊಂಡಪ್ಪ ಬಂಪರಿನ ಮೇಲೆ ಕಾಲಿಟ್ಟು ಭಾರ ಹಾಕಿ ಬಿಟ್ಟ. ಒಂದು ಸಲ, ಎರಡು ಸಲ. ಮೂರನೇ ಸಲಕ್ಕೆ ಸಣ್ಣ ಬಲ್ಬು ಝಗ್ಗನೆ ಹತ್ತಿ ಆರಿತು. ಅದೇ ಗಳಿಗೆಯಲ್ಲಿ ಜಾಲರಿಯ ಹಿಂದೆ, ಹಾರನ್ನಿನ ಮಗ್ಗುಲಲ್ಲಿ, ಒಂದು ನೀಲಿ ಕಿಡಿ ಚಿಟಕ್ಕೆಂದಿತು.

ಮರುಳಪ್ಪ ಆ ಜಾಗ ನೋಡಿದ. ಅವನಿಗೆ ಟಾರ್ಚು ಬೇಕಾಗಿರಲಿಲ್ಲ. ಅಲ್ಲಿ ಏನಿದೆ ಅಂತ ಅವನೊಬ್ಬನಿಗೇ ಗೊತ್ತಿತ್ತು. ಮೂರು ತಿಂಗಳಿಂದ ಹುಡುಕುತ್ತಿದ್ದ ಕಳ್ಳನನ್ನು ಅವನೇ ಮೂರು ಸಲ ಹೊಸದಾಗಿ ಕಟ್ಟಿ ಕೂರಿಸಿದ್ದ. ಪಕ್ಕದ ಕಂಬ ಹಿಡಿದುಕೊಂಡ.

ಮುನೆಪ್ಪ ಮೊಣಕೈವರೆಗೆ ತೂರಿಸಿ ಅದನ್ನು ಹೊರಗೆ ತೆಗೆದ. ಬಾಗಿಲು ಓರೆ ಮಾಡಿ ಬೆಳಕಿಗೆ ಹಿಡಿದ. ಕರೀ ಬಟ್ಟೆ, ಒಳಗೆ ಕುಂಕುಮ ಮೆತ್ತಿದ ದಪ್ಪ ನಿಂಬೆಹಣ್ಣು, ಇನ್ನೂ ಹಸಿ. ಸುತ್ತಲೂ ತಾಮ್ರದ ತಂತಿ. ತಂತಿಯ ಬಾಲ ಒಂದು ಗೇಣು ಉದ್ದ ಬಿಟ್ಟಿತ್ತು, ತುದಿ ಸುಟ್ಟು ಕಪ್ಪಾಗಿ ಸಾಸಿವೆಯಷ್ಟು ಉಂಡೆಗಟ್ಟಿತ್ತು.

ಕೊಂಡಪ್ಪ ಹಿಂದಕ್ಕೆ ಹಾರಿ ತೂ ತೂ ಅಂತ ಉಗಿದ. "ಅಯ್ಯಯ್ಯೋ! ಮಾಟ! ಯಾರೋ ಮಾಡ್ಸವ್ರೆ ಸಾವ್ಕಾರ್ರೇ! ನನ್ನ ಮ್ಯಾಲೋ ನಿಮ್ಮ ಮ್ಯಾಲೋ!"

"ಮಾಟನೋ ಗೀಟನೋ, ದೀಪ ಆರಿಸಿದ್ದು ಈ ಬಾಲ," ಎಂದ ಮುನೆಪ್ಪ. "ನೋಡಿಲ್ಲಿ, ಒಂದು ಕೊನೆ ಜಾಲರಿಗೆ ಸುತ್ತಿತ್ತು, ಜಾಲರಿ ಅಂದ್ರೆ ಬಾಡಿ. ಹಣ್ಣು ಹಸಿ ಇರೋವಾಗ ತೂಕ. ಗುಂಡಿಗೆ ಬಿದ್ರೆ ಉಯ್ಯಾಲೆ ಆಡ್ತದೆ, ಬಾಲ ಹೋಗಿ ಹೆಡ್‌ಲೈಟಿನ ವಯರು ಕೂಡೋ ಜಾಗಕ್ಕೆ ಮುಟ್ತದೆ. ಫ್ಯೂಸು ಡಬ್. ಹತ್ತು ದಿನಕ್ಕೆ ಹಣ್ಣು ಒಣಗಿ ಹತ್ತಿಯಂಗೆ ಆಯ್ತದೆ, ಅಲ್ಲಾಡಲ್ಲ, ಆಗ ಏನೂ ಇಲ್ಲ. ದೀಪ ಹಚ್ಚದೆ ಹಗಲಲ್ಲಿ ಹೋದ್ರೂ ಏನೂ ಇಲ್ಲ. ಅದಕ್ಕೇ ಅಮಾವಾಸ್ಯೆ ಆದ ಮೂರು ನಾಕು ದಿನದೊಳಗೇ ಬರೋದು. ಆದ್ರೆ ನನ್ನ ಅಂಗಡಿಗೆ ಬಂದಾಗ ಇದು ಇರ್ಲಿಲ್ಲವಲ್ಲ?"

ಮುನೆಪ್ಪ ತಂತಿಯ ಗಂಟನ್ನು ಬೆರಳಲ್ಲಿ ತಿರುಗಿಸಿ ನೋಡಿದ. ದಿನಾ ವಯರು ಹೊಸೆಯುವವನು.

"ಇದನ್ನ ಎಡಕ್ಕೆ ಹೊಸೆದವ್ರೆ," ಅಂದ. "ಎಡಗೈಯೋರು."

ಮರುಳಪ್ಪ ಕಂಬ ಹಿಡಿದಿದ್ದ ಎಡಗೈಯನ್ನು ನಿಧಾನಕ್ಕೆ ಕೆಳಗಿಳಿಸಿದ. ಹನ್ನೊಂದು ವರ್ಷ ಪ್ರತಿ ಸಂಜೆ ಕೊಂಡಪ್ಪ ಕೀ ಕೊಟ್ಟದ್ದು ಆ ಕೈಗೇ. ಕೊಂಡಪ್ಪ ಒಂದು ಸಲ ತಲೆ ಎತ್ತಿ ನೋಡಿ, ಮತ್ತೆ ತಲೆ ತಗ್ಗಿಸಿ, ಬಂಪರಿನ ಮೇಲಿನ ತನ್ನ ಹೆಜ್ಜೆಯ ಮಣ್ಣನ್ನು ಬಟ್ಟೆಯಿಂದ ಒರೆಸತೊಡಗಿದ.

ಮುನೆಪ್ಪ ಹಣ್ಣನ್ನು ಮತ್ತೆ ಕರೀ ಬಟ್ಟೆಯಲ್ಲಿ ಸುತ್ತಿದ. "ಯಾರು ಕಟ್ಟಿದ್ರು ಅನ್ನೋದು ನನ್ನ ರಿಪೇರಿಗೆ ಸೇರಿಲ್ಲ. ನನ್ನ ಕೆಲಸ ವಯರಿಗೆ ಮುಗೀತು. ನಾಳೆ ಕಲ್ಯಾಣದುರ್ಗದಾಗೆ ಕೇಳಿದ್ರೆ ಇಲಿ ವಯರು ಕಚ್ಚಿತ್ತು ಅನ್ನಿ. ಹುಣಸೆ ಗೋದಾಮಿನಾಗೆ ಇಲಿಗೇನು ಬರ. ಇಲೀನ ಯಾರೂ ಆಣೆ ಹಾಕ್ಸಕ್ಕೆ ಕರೆಯಲ್ಲ."

"ಇಲೀನೇ ಆಗ್ಲಿ," ಎಂದ ಕೊಂಡಪ್ಪ, ಒರೆಸುತ್ತಲೇ.

ಮರುಳಪ್ಪನಿಗೆ ಹೋದ ಜೀವ ಬಂದಂತಾಯಿತು. ಅಂದು ರಾತ್ರಿ ಊಟವನ್ನೂ ಮಾಡಿದ.

ಭಾನುವಾರ ಹತ್ತು ಗಂಟೆಗೆ ಕಲ್ಯಾಣದುರ್ಗದ ವೀರಭದ್ರನ ಗುಡಿಯ ಮುಂದೆ ತಿಪ್ಪೇರುದ್ರಪ್ಪ ಹಣೆ ತುಂಬ ವಿಭೂತಿ ಬಳಿದುಕೊಂಡು ಕಾಯುತ್ತಿದ್ದ. ಪಕ್ಕದಲ್ಲಿ ಹಂಪಮ್ಮ. ಮಂಡಿಯ ಇಬ್ಬರು ಮೂವರು ಬೇರೆ ಕೆಲಸಕ್ಕೆ ಬಂದವರ ಹಾಗೆ ಕಟ್ಟೆಯ ಮೇಲೆ ಕೂತಿದ್ದರು.

"ಆಣೆ ಬೇಕಿಲ್ಲ ಭಾವ," ಎಂದ ಮರುಳಪ್ಪ. "ಸಿಕ್ತು. ಇಲಿ ವಯರು ಕಚ್ಚಿತ್ತು. ಮುನೆಪ್ಪ ರಿಪೇರಿ ಮಾಡ್ದ."

"ಇಲಿನಾ?" ತಿಪ್ಪೇರುದ್ರಪ್ಪ ಕಟ್ಟೆಯ ಕಡೆ ತಿರುಗಿ ನಕ್ಕ. "ಕೇಳ್ರಪ್ಪಾ, ಹಿಂದೂಪುರದ ಇಲಿ ಪಂಚಾಂಗ ಓದ್ತದಂತೆ! ಅಮಾವಾಸ್ಯೆ ಆಗೋದೇ ಕಾದು ಕಚ್ತದೆ, ಅದೂ ರೊದ್ದಂ ಹಳ್ಳದ ಹತ್ರಾನೇ ಕಚ್ತದೆ! ಅಲ್ವೋ ಮರುಳಪ್ಪಾ, ಇವ್ರಿಬ್ಬರೂ ಸೇರಿ ನಿಂಗೆ ಇಲಿ ತೋರ್ಸವ್ರೆ. ಎಲ್ಲಿ ಆ ಇಲಿ? ಸತ್ತಿತ್ತಾ, ಬದುಕಿತ್ತಾ?"

"ಓಡಿಹೋಯ್ತು."

"ಓಡಿಸಿಬುಟ್ರು ಅನ್ನು. ಮೊದಲು ಬರೀ ಡ್ರೈವರ್ ಮೇಲೆ ಅನುಮಾನ ಇತ್ತು, ಈಗ ಆ ಎಲೆಕ್ಟ್ರಿಷಿಯನ್ ಮೇಲೂ ಬಂತು. ಆರಿಸ್ಲಿ ಬುಡು ಕರ್ಪೂರ. ನಿಜ ಇದ್ರೆ ಭಯ ಯಾಕೆ?"

ಮರುಳಪ್ಪ ತಬ್ಬಿಬ್ಬಾದ. ಸುಳ್ಳು ಹೇಳಿ ಒಬ್ಬನನ್ನು ಉಳಿಸಲು ಹೋದರೆ ಇಬ್ಬರು ಸಿಕ್ಕಿಬಿದ್ದಿದ್ದರು. ಭಾವನ ಮಾತು ಕೇಳುತ್ತಿದ್ದರೆ ತನ್ನದೇ ಮೂರು ತಿಂಗಳ ಯೋಚನೆಗಳನ್ನು ಇನ್ನೊಬ್ಬರ ಬಾಯಲ್ಲಿ ಕೇಳಿದಂತಿತ್ತು. ಒಳಗಿದ್ದಾಗ ಅವು ಎಷ್ಟು ಸಲೀಸಾಗಿದ್ದವು. ಹೊರಗೆ ಕೇಳಲು ಎಷ್ಟು ಸಣ್ಣವು.

ಪೂಜಾರಿ ತಟ್ಟೆಯಲ್ಲಿ ಕರ್ಪೂರ ಹೊತ್ತಿಸಿ ತಂದ. ಕೊಂಡಪ್ಪ ಚಪ್ಪಲಿ ಬಿಟ್ಟ. ಎಡಗೈಯಲ್ಲಿ ಕಾರಿನ ಕೀ ಹಿಡಿದಿದ್ದ, ಆಮೇಲೆ ಕೊಡಲು. ಬಲಗೈ ಅಂಗೈ ಬಿಡಿಸಿದ. ಅವನು ಮರುಳಪ್ಪನ ಮುಖ ನೋಡಲಿಲ್ಲ. ನೋಡಿದ್ದರೆ ಕೇಳಿಕೊಂಡಂತಾಗುತ್ತಿತ್ತು. ಅದಕ್ಕೇ ನೋಡಲಿಲ್ಲ ಅಂತ ಮರುಳಪ್ಪನಿಗೆ ತಿಳಿಯಿತು.

"ನಿಲ್ಲು ಕೊಂಡಪ್ಪ," ಅಂದ. "ಇಲಿ ಇಲ್ಲ, ಗಿಲಿ ಇಲ್ಲ. ನಾನೇ ಕಟ್ಟಿದ್ದು."

"ಏನು ಕಟ್ಟಿದ್ದೆ?" ಎಂದಳು ಹಂಪಮ್ಮ.

"ನಿಂಬೆಹಣ್ಣು. ಕೊಂಡಪ್ಪ ಕಳ್ಳ ಅಂತ, ಅವನ್ನ ಹಿಡಿಯಾಕೆ, ಮಂತ್ರಿಸಿದ ನಿಂಬೆಹಣ್ಣು. ತಾಮ್ರದ ತಂತೀಲಿ ಕಟ್ಟಿದ್ದೆ. ಆ ತಂತಿ ಹೋಗಿ ವಯರಿಗೆ ಮುಟ್ಟಿ ದೀಪ ಆರ್ತಿತ್ತು. ಅಂಗಡಿಗೆ ಕಳಿಸೋವಾಗ ಬಿಚ್ಚಿ ಇಟ್ಕೊಂತಿದ್ದೆ, ಅದಕ್ಕೇ ಸಿಕ್ಕಿರ್ಲಿಲ್ಲ. ಕೊಂಡಪ್ಪಂದು ಏನೂ ಇಲ್ಲ. ಮುನೆಪ್ಪಂದೂ ಇಲ್ಲ."

ಹಂಪಮ್ಮ ಸೆರಗನ್ನು ಬಾಯಿಗೆ ಅಡ್ಡ ಇಟ್ಟುಕೊಂಡಳು.

"ಲಿಂಗ ಕಟ್ಕೊಂಡೋನು ನಿಂಬೆಹಣ್ಣು ಕಟ್ಟಿದ್ಯೇನೋ ಮರುಳಾ? ಅಪ್ಪ ಇದ್ದಿದ್ರೆ ಆ ಹಣ್ಣಿನ ಉಪ್ಪಿನಕಾಯಿ ಹಾಕಿ ನಿಂಗೇ ತಿನ್ನಿಸ್ತಿದ್ದ!"

ಒಬ್ಬ ಫಕ್ಕನೆ ನಕ್ಕ, ಆಮೇಲೆ ಎಲ್ಲರೂ ನಕ್ಕರು. ಮರುಳಪ್ಪ ನಿಂತಲ್ಲೇ ನಿಂತು ಆ ನಗೆಯನ್ನು ಮಳೆ ನೆನೆದ ಹಾಗೆ ನೆನೆದ. ತಿಪ್ಪೇರುದ್ರಪ್ಪ ಮಾತ್ರ ನಗಲಿಲ್ಲ. ಹತ್ತಿರ ಬಂದು ಕಿವಿಯಲ್ಲಿ ಕೇಳಿದ:

"ಹಣ್ಣು ಮಂತ್ರಿಸಿ ಕೊಟ್ಟ ಆಯಪ್ಪ ಎಲ್ಲಿರೋದು? ನಮ್ಮ ಬೋರ್‌ವೆಲ್ ಮೋಟ್ರು ತಿಂಗಳಿಗೊಂದು ಸಲ ಸುಡ್ತೈತೆ. ಕಾವಲಿನೋನ ಮೇಲೆ ನಂಗೆ ಅನುಮಾನ."

"ಮೊದಲು ಆ ಕಾವಲಿನೋನ್ನೇ ಕೇಳು ಭಾವ," ಎಂದ ಮರುಳಪ್ಪ.

ಪೂಜಾರಿ, ಹೊತ್ತಿಸಿದ ಕರ್ಪೂರ ವ್ಯರ್ಥವಾಗಬಾರದೆಂದು ಅದನ್ನೇ ದೇವರಿಗೆ ಬೆಳಗಿ ತಂದ. ಕೊಂಡಪ್ಪ ಮಂಗಳಾರತಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡ. ಕೀ ಇದ್ದ ಕೈಯನ್ನು ಮುಂದೆ ಚಾಚಲಿಲ್ಲ. ಹಿಂದಕ್ಕೂ ತೆಗೆದುಕೊಳ್ಳಲಿಲ್ಲ.

"ಹೊತ್ತಿಳಿಯೋದ್ರೊಳಗೆ ಹೊರಡಾಣ," ಎಂದ ಮರುಳಪ್ಪ. ಆಮೇಲೆ, "ನಿಂಗೆ ಇಷ್ಟ ಇದ್ರೆ," ಅಂತ ಸೇರಿಸಿದ.

ಕೊಂಡಪ್ಪ ಸ್ವಲ್ಪ ಹೊತ್ತು ಕೀಯನ್ನು ನೋಡಿ ಜೇಬಿಗೆ ಹಾಕಿಕೊಂಡ.

ಅಕ್ಕನ ಮನೆಯಲ್ಲಿ ಊಟ ಮುಗಿಸಿ ಹೊರಟಾಗ ನಾಲ್ಕೂವರೆಯಾಗಿತ್ತು. ಕೊಂಡಪ್ಪ ಊಟ ಬೇಡ ಅಂದಿದ್ದ. ಯಾವತ್ತೂ ಬೇಡ ಅನ್ನುತ್ತಿದ್ದನೆಂದು ಮರುಳಪ್ಪನಿಗೆ ಆಗ ನೆನಪಾಯಿತು. ಅವನು ಹಿಂದಿನ ಬಾಗಿಲು ಬಿಟ್ಟು ಮುಂದಿನ ಸೀಟಿನಲ್ಲಿ ಬಂದು ಕೂತ. ಹಳ್ಳ ಬರುವ ಹೊತ್ತಿಗೆ ಮಬ್ಬಾಗಿ, ದೀಪ ಹಚ್ಚಿದ್ದಾಗಿತ್ತು. ಕಾರು ಮೋರಿ ದಾಟಿ ಗುಂಡಿಗೆ ಇಳಿಯಿತು, ಎದ್ದಿತು. ದೀಪ ಕದಲಲಿಲ್ಲ.

"ರೊದ್ದಂನಾಗೆ ಐದು ನಿಮಿಷ ನಿಲ್ಲಿಸ್ಲಾ ಸಾವ್ಕಾರ್ರೇ?" ಎಂದ ಕೊಂಡಪ್ಪ. "ಅಲ್ಲಿ ನಮ್ಮಕ್ಕ ಈರಕ್ಕನ ಮನೆ. ಮುದ್ದೆ ಈರುಳ್ಳಿ ತಿಂದು ಬತ್ತೀನಿ. ನಿಮ್ಮಕ್ಕನ ಮನೇಲಿ ನಂಗೆ ತಟ್ಟೆ ಇಡೋದು ದನದ ಕೊಟ್ಟಿಗೆ ಹತ್ರ. ಒಂದು ಸಲ ಉಂಡೆ. ಆಮ್ಯಾಕೆ ಉಣ್ಲಿಲ್ಲ."

ಈರುಳ್ಳಿ ವಾಸನೆ. ಮರುಳಪ್ಪ ಕಣ್ಣು ಮುಚ್ಚಿಕೊಂಡ.

"ಎಷ್ಟು ದಿನದಿಂದ?"

"ಹನ್ನೊಂದು ವರ್ಷ."

"ಹೇಳ್ಬೋದಿತ್ತಲ್ಲೋ."

"ನೀವು ಕೇಳ್ಬೋದಿತ್ತು. ನನ್ನೊಬ್ಬನ್ನ ಬುಟ್ಟು ಎಲ್ಲಾರ್ನೂ ಕೇಳಿದ್ರಿ."

ಊರ ಮೊದಲ ಬೀದಿಯಲ್ಲಿ ಒಂದು ಮಣ್ಣಿನ ಗೋಡೆಯ ಮನೆಯ ಮುಂದೆ ಕಾರು ನಿಂತಿತು. ಬ್ಯಾಟರಿ ಇಳಿಯಬಾರದೆಂದು ಕೊಂಡಪ್ಪ ಕೈ ಚಾಚಿ ದೀಪ ಆರಿಸಿದ. ಮರುಳಪ್ಪ ಆ ಕೈ ನೋಡಲಿಲ್ಲ. ಒಳಗಿನಿಂದ ಹೆಂಗಸಿನ ದನಿ, "ಇವತ್ತು ಯಾರ್ಲಾ ಜೊತೇಲಿ?" ಅಂತ ಕೇಳಿತು. ಕೊಂಡಪ್ಪ, "ನಮ್ಮ ಸಾವ್ಕಾರ್ರು ಕಣಕ್ಕ," ಅಂದ. ಆಮೇಲೆ ಬಾಗಿಲಲ್ಲಿ ನಿಂತು, ಒಂದು ಗಳಿಗೆ ಯೋಚನೆ ಮಾಡಿ, ಕಾರಿನ ಕಡೆಗೆ ತಿರುಗಿದ.

"ಮಜ್ಜಿಗೆ ಆದ್ರೂ ಕುಡೀತೀರಾ?"

ಮರುಳಪ್ಪ ಕಾರಿನ ಬಾಗಿಲು ತೆಗೆದು ಕೆಳಗಿಳಿದ.